ಅನಗತ್ಯ

ಕೊರೊನಾ ಕಾಲ. ಹೆಂಡತಿ ತೀರಿ ತಿಂಗಳಾಗಿತ್ತು. ಬಾಳೆಲೆಯಲ್ಲಿ ಅನ್ನ, ಅವಳಿಗೆ ಇಷ್ಟದ ಬಂಗಡೆ ಮೀನು ಕಟ್ಟಿಕೊಂಡು, ಕಾಗೆಗೆ ಇಡಲು ಹಟ್ಟಿಕೇರಿ ಹೊಳೆಗೆ ಹೊರಟಿದ್ದೆ. ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಸಮಾಧಾನವಿಲ್ಲ ಎನ್ನುತ್ತಾರೆ.

ಎದುರಿಗೆ ಮೈಕು ಕಟ್ಟಿದ ರಿಕ್ಷಾ ಬಂತು. "ಅನಗತ್ಯವಾಗಿ ತಿರುಗಾಡಬೇಡಿ!" ಹೆಂಗಸಿನ ಗಡಸು ದನಿ. ನನಗೆ ಸಿಟ್ಟು ನೆತ್ತಿಗೇರಿತು. ಅಡ್ಡ ನಿಂತೆ.

"ಯಾರು ಅವಳು? ಇದು ಅನಗತ್ಯವಾ? ಇಳೀಲಿಕ್ಕೆ ಹೇಳು!"

"ಒಳಗೆ ಯಾರೂ ಇಲ್ಲ ಕಾಕಾ, ರೆಕಾರ್ಡು," ಅಂದ ರಿಕ್ಷಾದವ. "ಬೆಳಗಿಂದ ನಂಗೇ ಬೈತದೆ. ಊರಲ್ಲಿ ತಿರುಗುವವ ನಾನೊಬ್ಬನೇ ಅಲ್ವಾ?"

ನನ್ನ ಕೈಯ ಎಲೆ ನೋಡಿದ. ಮೈಕು ಬಂದ್ ಮಾಡಿದ. "ಈ ಗಲಾಟೆಗೆ ಕಾಗೆ ಬರೂದಿಲ್ಲ. ಇಟ್ಟು ಬನ್ನಿ."

ಹೊಳೆದಂಡೆಯಲ್ಲಿ ಎಲೆ ಇಟ್ಟೆ. ಕಾಗೆಯೊಂದು ಬಂದು ಮರದ ಮೇಲೆ ಕೂತಿತು. ಇಳಿಯಲಿಲ್ಲ. ತಪ್ಪಾಯ್ತು ಅಂದೆ, ಕೈ ಮುಗಿದೆ. ಆದರೂ ಇಳಿಯಲಿಲ್ಲ. ರಿಕ್ಷಾದವ ಬಹಳ ಹೊತ್ತು ಕಾದ. ಕಡೆಗೆ ಅವನಿಗೂ ಕೆಲಸವಿತ್ತು, ಮೈಕು ಹಾಕಿಕೊಂಡು ಹೊರಟ.

"ಅನಗತ್ಯವಾಗಿ..." ಎಂದು ಶುರುವಾದದ್ದೇ ತಡ, ಕಾಗೆ ಸೀದಾ ಇಳಿದು ಬಂಗಡೆಗೆ ಬಾಯಿ ಹಾಕಿತು.

ನನ್ನವಳದ್ದೂ ಅಂಥದೇ ದನಿ. ನನಗೆ ಯಾರಾದರೂ ಬೈದ ಮೇಲೆಯೇ ಅವಳಿಗೆ ಊಟ ರುಚಿಸಿತೋ ಏನೋ.