ನಲ್ಲಿ ರಿಪೇರಿಯ ಅರ್ಜಿಯಲ್ಲಿ ಮಗಳ ಮದುವೆ

ಕನ್ನಡ ಸಂಘದ ಆಹ್ವಾನಪತ್ರಿಕೆಗಳಲ್ಲಿ ತಪ್ಪು ಹುಡುಕುವುದು ನನ್ನ ಹಳೆಯ ಚಟ. ಸಿಡ್ನಿಯ ಪ್ಯಾರಮಟ್ಟಾ ಸ್ಟೇಷನ್ನಿನಲ್ಲಿ ನನ್ನನ್ನು ದೂರದಿಂದ ಕಂಡರೆ ಸಾಕು, ಸಂಘದ ಕಾರ್ಯದರ್ಶಿ ಬೇರೆ ಡಬ್ಬಿ ಹತ್ತುತ್ತಾರೆ. ಮೈಸೂರಿನಲ್ಲಿ ಕನ್ನಡ ಪಾಠ ಹೇಳಿಯೇ ನಿವೃತ್ತಳಾದವಳು ನಾನು. ಹುಟ್ಟುಗುಣ ಸುಟ್ಟರೂ ಹೋಗದು. ಇಂಥ ನಾನು ಈ ವಯಸ್ಸಿನಲ್ಲಿ ನೇಪಾಳಿ ಭಾಷೆಯಲ್ಲಿ ಅರ್ಜಿ ಬರೆಯುವುದನ್ನು ಕಲಿಯಲು ಕುಳಿತೆ. ಅದಕ್ಕೆ ಕಾರಣ ನನ್ನ ಮಗಳು.

ಅವಳು ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಅದೇ ಆಫೀಸಿನ ಒಬ್ಬ ನೇಪಾಳಿ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಹುಡುಗ ಅಪ್ಪ ಅಮ್ಮನ ಜೊತೆ ಅದೇ ಊರಿನ ಅಂಚಿನ ಕ್ರಾನ್‌ಬರ್ನ್‌ನಲ್ಲಿದ್ದ. ಅಪ್ಪನ ಬಾಯಿಂದ ಒಪ್ಪಿಗೆ ಬರದೆ ತಾಳಿ ಕಟ್ಟುವುದಿಲ್ಲ ಎಂದು ಅವನದೊಂದು ಹಟ. ಆ ಅಪ್ಪನೋ, ನನ್ನ ಮಗಳು ಹೋದರೆ ಬಡಿಸಿ ಬಡಿಸಿ ಊಟ ಹಾಕಿಸುತ್ತಿದ್ದರು, ಮದುವೆಯ ಮಾತು ಬಂದರೆ ಮಾತ್ರ ಎದ್ದು ಹಿತ್ತಲಿನ ಕೊತ್ತಂಬರಿಗೆ ನೀರು ಹಾಕಲು ಹೊರಟುಬಿಡುತ್ತಿದ್ದರು.

"ಅಮ್ಮಾ, ಅಂಕಲ್ ನೋ ಅಂತ ಹೇಳ್ತಿಲ್ಲ. ಬಟ್ ಯೆಸ್ ಅಂತಾನೂ ಹೇಳ್ತಿಲ್ಲ. ಐ ಕಾಂಟ್ ಟೇಕ್ ದಿಸ್," ಎಂದು ಫೋನಿನಲ್ಲಿ ಅತ್ತಳು. ಸುಲಭಕ್ಕೆ ಅಳುವ ಹುಡುಗಿಯಲ್ಲ. ನನಗೆ ಸಿಟ್ಟು ಬಂತು.

ಮಾತಿನ ನಡುವೆ ಅವಳು ಇನ್ನೊಂದು ಸಂಗತಿ ಹೇಳಿದಳು. ಆ ಮನುಷ್ಯ ಊರಿನಲ್ಲಿ ನೇಪಾಳಿ ಭಾಷೆಯ ಮೇಷ್ಟರಾಗಿದ್ದವರಂತೆ. ಈ ದೇಶಕ್ಕೆ ಬಂದ ಮೇಲೆ ತಮಗೆ ಯಾರೂ ಒಂದು ನೆಟ್ಟಗಿನ ಕಾಗದ ಬರೆದಿಲ್ಲ, ಮಗನೂ ಇಂಗ್ಲಿಷ್ ಅಕ್ಷರದಲ್ಲಿ ಮೆಸೇಜ್ ಹಾಕುತ್ತಾನೆ ಎಂದು ಕೊರಗುತ್ತಿದ್ದರಂತೆ. ಸಿಕ್ಕಿಬಿದ್ದರು ಮೇಷ್ಟರು ಎಂದುಕೊಂಡೆ. ನಮ್ಮ ಕಡೆ ಹೆಣ್ಣಿನವರೇ ಜಾತಕ ಹಿಡಿದು ಗಂಡಿನ ಮನೆಗೆ ಹೋಗಿ ಕೇಳಬೇಕು. ನನ್ನ ಅಪ್ಪನೂ ಹಾಗೇ ಕೇಳಿದ್ದರು. ನಾನು ಕೇಳುತ್ತೇನೆ, ಅವರದೇ ಭಾಷೆಯಲ್ಲಿ, ಗ್ರಾಂಥಿಕವಾಗಿ ಕೇಳುತ್ತೇನೆ. ಲಿಪಿ ಹೇಗೂ ಗೊತ್ತು, ಅರ್ಧ ಪದಗಳು ಸಂಸ್ಕೃತದವು. ಏನು ಮಹಾ ಕಷ್ಟ?

ಕಷ್ಟವೇ ಆಗಿತ್ತು. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಒಬ್ಬ ನೇಪಾಳಿ ಹೆಂಗಸು ಇದ್ದಳು, ಕಠ್ಮಂಡುವಿನ ಯಾವುದೋ ಸರ್ಕಾರಿ ಕಚೇರಿಯಲ್ಲಿ ಅಧಿಕಾರಿಯಾಗಿದ್ದವಳು. ಚಕ್ಕುಲಿ ಡಬ್ಬಿ ಹಿಡಿದು ಅವಳ ಬಾಗಿಲು ತಟ್ಟಿದೆ. ನೇಪಾಳಿಯಲ್ಲಿ ಮರ್ಯಾದಸ್ಥ ಕಾಗದ ಬರೆಯಲು ಕಲಿಸು ಎಂದೆ. ಯಾಕೆಂದು ಮಾತ್ರ ಹೇಳಲಿಲ್ಲ. ಇವತ್ತು ಲಿಫ್ಟಿನಲ್ಲಿ ಹೇಳಿದ್ದು ನಾಳೆ ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಕೇಳಿಬರುವ ಸಬರ್ಬ್ ಇದು.

ಅವಳ ಲೆಕ್ಕದಲ್ಲಿ ಮರ್ಯಾದೆ ಎಂದರೆ ಅರ್ಜಿ. "ವಿಷಯ ಅಂತ ಮೇಲೆ ಬರೆಯದಿದ್ದರೆ ಅದು ಕಾಗದ ಅಲ್ಲ, ಹರಟೆ," ಎಂದು ಹಿಂದಿಯಲ್ಲಿ ಗದರಿದಳು. ಮೊದಲು 'ಮಹೋದಯ', ಆಮೇಲೆ ವಿಷಯ, ಆಮೇಲೆ 'ಉಪರ್ಯುಕ್ತ ಸಂಬಂಧಮಾ' ಎಂದು ಶುರು, ಕೊನೆಗೆ ಬಲಗಡೆ 'ನಿವೇದಕ', ಅಂದರೆ ಅರ್ಜಿದಾರ, ಎಂದು ಬರೆದು ಅದರ ಕೆಳಗೆ ಸಹಿ. ನನಗೆ ನಮ್ಮ ಶಾಲೆಯ ರಜಾ ಅರ್ಜಿ ನೆನಪಾಯಿತು. ಊರು ಯಾವುದಾದರೇನು, ಸರ್ಕಾರದ ಮುಂದೆ ಬಗ್ಗುವ ಬೆನ್ನು ಒಂದೇ. ಅವಳು ಅಭ್ಯಾಸಕ್ಕೆ ಕೊಟ್ಟದ್ದು ಕುಡಿಯುವ ನೀರಿನ ನಲ್ಲಿ ರಿಪೇರಿಯ ಅರ್ಜಿ. ಅದನ್ನೇ ಬರೆಸಿದಳು, ಹೊಡೆದು ಹಾಕಿದಳು, ಮತ್ತೆ ಬರೆಸಿದಳು. ಕ್ರಿಯಾಪದ ಸಾಕಷ್ಟು ಬಾಗಿಲ್ಲ ಎನ್ನುವಳು. ನಾನು ಮಕ್ಕಳಿಗೆ ಕೊಟ್ಟ ಕಾಟವೆಲ್ಲ ಬಡ್ಡಿ ಸಮೇತ ನನಗೇ ವಾಪಸ್ ಬಂತು. ಸುತ್ತಮುತ್ತ ಒಂದೇ ಒಂದು ನಲ್ಲಿ ಕೆಟ್ಟಿರದಿದ್ದರೂ ನಾನು ನಲ್ಲಿಯ ಬಗ್ಗೆ ಪಂಡಿತಳಾದೆ.

ಹೀಗೆ ತಯಾರಾದ ಮೇಲೆ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ನಲ್ಲಿಯ ಜಾಗದಲ್ಲಿ ಮಗಳನ್ನಿಟ್ಟು ಬರೆದೆ. ವಿಷಯ: ನನ್ನ ಮಗಳನ್ನು ಸೊಸೆಯಾಗಿ ಸ್ವೀಕರಿಸುವ ಕುರಿತು. ಉಪರ್ಯುಕ್ತ ಸಂಬಂಧದಲ್ಲಿ ವಿನಂತಿಸುವುದೇನೆಂದರೆ, ಬಹಳ ದಿನಗಳಿಂದ ಸದರಿ ಕಾರ್ಯ ಬಾಕಿ ಉಳಿದಿದ್ದು, ಇದರಿಂದ ಮನೆಯವರಿಗೆ ತೀವ್ರ ತೊಂದರೆಯಾಗಿದ್ದು, ಆದಷ್ಟು ಬೇಗ ಕ್ರಮ ಕೈಗೊಳ್ಳಬೇಕು. ಅಂಚೆಗೆ ಹಾಕಿ, ಹೆಮ್ಮೆಯಿಂದ ಫಿಲ್ಟರ್ ಕಾಫಿ ಮಾಡಿಕೊಂಡು ಕುಡಿದೆ.

ಕಾಗದ ತಿರುಗಿ ಬಂತು. ನನ್ನದೇ ಕಾಗದ, ಮೈತುಂಬ ಕೆಂಪು ಇಂಕು! ಒಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ. ಕೊನೆಯಲ್ಲಿ 'ನಿವೇದಕ' ಎಂಬಲ್ಲಿ ನನ್ನ ಸಹಿಗೆ ದಪ್ಪಗೆ ಒಂದು ಸುತ್ತು. ಜೀವಮಾನವಿಡೀ ಕೆಂಪು ಪೆನ್ನು ಹಿಡಿದವಳಿಗೆ ಕೆಂಪು ಪೆನ್ನು! ಬೆಂಕಿಯಾಗಿಬಿಟ್ಟೆ. ತಿದ್ದಿ ಬರೆದು ಕಳಿಸಿದೆ. ಕೆಂಪು ಕಡಿಮೆಯಾಗಿ ಬಂತು, ಸಹಿಯ ಸುತ್ತು ಹಾಗೇ ಇತ್ತು. ಸಹಿಯನ್ನು ದೇವನಾಗರಿಯಲ್ಲಿ ಹಾಕಿ ಮತ್ತೆ ಕಳಿಸಿದೆ. ಈ ಸಲ ಇಡೀ ಕಾಗದದಲ್ಲಿ ಒಂದೂ ತಪ್ಪಿರಲಿಲ್ಲ, ಅಂಚಿನಲ್ಲಿ 'ಉತ್ತಮ' ಎಂದು ಬೇರೆ ಬರೆದಿದ್ದರು. ಸುತ್ತು ಮಾತ್ರ ಅಲ್ಲೇ ಕುಳಿತಿತ್ತು.

"ಅಮ್ಮಾ, ನಿಮ್ಮಿಬ್ಬರ ಎಕ್ಸಾಮ್ ಮುಗಿಯೋದು ಯಾವಾಗ? ನನ್ನ ಲೈಫ್ ಕಣೇ ಇದು!" ಎಂದಳು ಮಗಳು. ಅವಳ ದನಿ ಕೇಳಿ ನನ್ನ ತಮಾಷೆಯೆಲ್ಲ ಇಳಿದುಹೋಯಿತು. ನಾನು ಅರ್ಹಳಲ್ಲ ಎಂದೇ ಅವರ ಅರ್ಥವಿರಬೇಕು, ಪಾಪ, ಹುಡುಗಿಯ ಬಾಳು ನನ್ನಿಂದ ಹಾಳಾಯಿತೆ ಎಂದು ಭಯವಾಯಿತು. ಮರುದಿನವೇ ವಿಮಾನ ಹತ್ತಿ ಮೆಲ್ಬರ್ನಿಗೆ ಹೋದೆ.

ಮಗಳನ್ನು ಕರೆದುಕೊಂಡು ಕ್ರಾನ್‌ಬರ್ನಿನ ಆ ಮನೆಗೆ ಹೋದಾಗ ಹುಡುಗನ ತಾಯಿ ಚಹಾ ತಂದಿಟ್ಟರು. ಮೇಷ್ಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನೆಟ್ಟಗೆ ಕುಳಿತಿದ್ದರು. ನಾನು ಕಾಗದವನ್ನು ಮೇಜಿನ ಮೇಲಿಟ್ಟು ಹಿಂದಿಯಲ್ಲಿ ನೇರವಾಗಿ ಕೇಳಿದೆ.

"ಇದರಲ್ಲಿ ಇನ್ನೂ ಏನು ತಪ್ಪಿದೆ?"

"ಕಾಗದದಲ್ಲಿ ತಪ್ಪಿಲ್ಲ," ಎಂದರು ಅವರು. "ಅರ್ಜಿದಾರರು ತಪ್ಪು."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಮಗಳು ನನ್ನ ಸೆರಗು ಹಿಡಿದು ಜಗ್ಗಿದಳು. ಮೇಷ್ಟರು ಗಾಬರಿಯಾಗಿ ಎರಡೂ ಕೈ ಎತ್ತಿದರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ನಮ್ಮಲ್ಲಿ ಹೆಣ್ಣಿನವರು ಕೇಳೋದಿಲ್ಲ. ಗಂಡಿನ ಅಪ್ಪ ಅವರ ಮನೆ ಬಾಗಿಲಿಗೆ ಹೋಗಿ, ತಲೆ ಬಗ್ಗಿಸಿ, ನಿಮ್ಮ ಮಗಳನ್ನ ಕೊಡಿ ಅಂತ ಬೇಡಬೇಕು. ನಾನು ಬೇಡಬೇಕಾದ್ದನ್ನ ನೀವು ಬೇಡಿದರೆ, ಹೂಂ ಅಂತ ಹೇಗೆ ಹೇಳಲಿ? ನನ್ನ ಮನೆ ಮರ್ಯಾದೆ ಏನಾಗಬೇಕು?"

"ಹಾಗಿದ್ದರೆ ಬೇಡಬಹುದಿತ್ತಲ್ಲ! ಇಷ್ಟು ದಿನ ಕೊತ್ತಂಬರಿಗೆ ನೀರು ಹಾಕುತ್ತ ಕೂತಿರಲ್ಲ?"

ಅವರು ತಲೆ ತಗ್ಗಿಸಿದರು. ಯಾವ ಭಾಷೆಯಲ್ಲಿ ಬೇಡುವುದೆಂದು ಹೊಳೆದಿರಲಿಲ್ಲವಂತೆ, ಇಂಗ್ಲಿಷಿನಲ್ಲಿ ಬೇಡಲು ನಾಚಿಕೆಯಂತೆ. ಅಷ್ಟರಲ್ಲಿ ನನ್ನ ನಲ್ಲಿಯ ಅರ್ಜಿ ಬಂದು ಬಿದ್ದಿತ್ತು. ನಾನು ಅವರ ಭಾಷೆ ಕಲಿತು ಬರೆದ ಮೇಲೆ ಅವರು ಬೇರೆ ಭಾಷೆಯಲ್ಲಿ ಕೇಳುವ ಹಾಗೇ ಇರಲಿಲ್ಲ. ನನ್ನ ಕಾಗದ ತಿದ್ದಿ ತಿದ್ದಿ ಕಳಿಸಿದ್ದು, ತಮ್ಮದು ಮುಗಿಯುವವರೆಗೆ ನನ್ನನ್ನು ತಡೆದು ನಿಲ್ಲಿಸಲು. ಒಳಗೆ ಹೋಗಿ ಒಂದು ಲಕೋಟೆ ತಂದು ಎರಡೂ ಕೈಯಿಂದ ಕೊಟ್ಟರು.

ಒಳಗಿದ್ದದ್ದು ಕನ್ನಡ. ಗುಂಡಗಾಗಲು ಒದ್ದಾಡಿ ಒದ್ದಾಡಿ ಸೋತ ಅಕ್ಷರಗಳು. ಅದೇ ಬೀದಿಯಲ್ಲಿರುವ ಧಾರವಾಡದ ಅಜ್ಜಿಯೊಬ್ಬರ ಹತ್ತಿರ ಕಲಿತರಂತೆ. 'ಮಾನ್ಯರೇ, ವಿಷಯ: ನಿಮ್ಮ ಮಗಳನ್ನ ನಮ್ಮ ಮನಿಗೆ ಸೊಸಿ ಮಾಡಿ ಕೊಡೂ ಬಗ್ಗೆ. ನಾ ಹುಡುಗನ ತಂದಿ ಇದ್ದೇನ್ರಿ. ಕೈ ಮುಗದು ಕೇಳಾಕತ್ತೇನಿ, ನಿಮ್ಮ ಮಗಳನ್ನ ಕೊಡ್ರಿ. ನಮ್ಮ ಮನ್ಯಾಗ ಮಗಳಂಗ ಇರ್ತಾಳ. ಇಂತಿ ತಮ್ಮ ವಿಧೇಯ ವಿದ್ಯಾರ್ಥಿ.'

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಮೇಷ್ಟರು ಪರೀಕ್ಷೆ ಬರೆದ ಹುಡುಗನ ಹಾಗೆ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಕಾದಿದ್ದರು.

"ಕೊಟ್ಟೆ," ಎಂದೆ. ಮಗಳು ಅಲ್ಲೇ ಜೋರಾಗಿ ಅತ್ತುಬಿಟ್ಟಳು. ನಾನು ಅವಳ ಬೆನ್ನು ಸವರಿದೆ, ಆಮೇಲೆ ಇನ್ನೊಂದು ಕೈಯನ್ನು ಮೇಜಿನ ಕಡೆ ಚಾಚಿ ಮೇಷ್ಟರ ಕೆಂಪು ಪೆನ್ನು ಎತ್ತಿಕೊಂಡೆ.

"ಅಮ್ಮಾ, ಡೋಂಟ್ ಯೂ ಡೇರ್!" ಎಂದಳು ಅಳುತ್ತಲೇ.

ಮಗಳನ್ನು ಒಂದೇ ಮಾತಿಗೆ ಕೊಟ್ಟಿದ್ದೆ. ಕಾಗದವನ್ನು ಮಾತ್ರ ತಿದ್ದಿ, ಇನ್ನೊಮ್ಮೆ ಬರೆದು ತನ್ನಿ ಎಂದು ವಾಪಸ್ ಕೊಟ್ಟೆ.