ಜರ್ನಲ್ಲಿಗೆ ಬೇಡವಾದ ರೊಟ್ಟಿ

ಹಾನಗಲ್ಲಿನಲ್ಲಿ ಒಂದು ಧರ್ಮಾರ್ಥ ಟ್ರಸ್ಟಿನವರು ನಡೆಸುತ್ತಿದ್ದ ಕೋಣೆಯಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದೆ. ಬೋರ್ಡಿನ ಮೇಲೆ ಫಿಸಿಯೋಥೆರಪಿ ಕೇಂದ್ರ ಎಂದಿತ್ತು. ಜನ ಅದನ್ನು ಕೈ ರೂಮ್ ಅನ್ನುತ್ತಿದ್ದರು. ಆ ಕೋಣೆ ಈಗಿಲ್ಲ. ರೋಗಿಗಳು ಕಡಿಮೆಯಾಗಿರಲಿಲ್ಲ, ಕಟ್ಟಡದ ಯಜಮಾನರೂ ಬಿಡಿ ಅಂದಿರಲಿಲ್ಲ. ನಾನೇ ಕೂತು ಬರೆದ ಲೇಖನವೊಂದು ದೊಡ್ಡ ಜರ್ನಲ್ಲಿನಲ್ಲಿ ಅಚ್ಚಾಗಿ ಬಂದು ಅದರ ಬಾಗಿಲು ಹಾಕಿಸಿತು. ಅದರ ಜೊತೆಗೆ ಒಬ್ಬಾಕೆಯ ಬಲಗೈಯೂ ಹೋಯಿತು. ಇದನ್ನು ಹೇಳಿದರೆ ಕೆಲವರು ನಗುತ್ತಾರೆ. ನಗಲಿ. ನನಗೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮ ಮನೆ ಸವಣೂರು. ಅಬ್ಬಾನದು ವೀಳ್ಯದೆಲೆ ವ್ಯಾಪಾರ. ಬೆಳಿಗ್ಗೆ ಬಸ್ ಹಿಡಿದು ಬಂಕಾಪುರದಲ್ಲಿ ಇಳಿದು, ಅಲ್ಲಿ ಇನ್ನೊಂದು ಬಸ್ಸಿಗೆ ನೂಕಾಡಿ ಹತ್ತಿ ಹಾನಗಲ್ ಸೇರುತ್ತಿದ್ದೆ. ಗೋವಿನಜೋಳದ ಸುಗ್ಗಿ ಮುಗಿಯಿತೆಂದರೆ ನನ್ನ ಸುಗ್ಗಿ ಶುರು. ಒಕ್ಕುವ ಮಷಿನ್ನಿಗೆ ತೆನೆ ತಳ್ಳುವಾಗ ಬಳೆಯೋ ಸೆರಗೋ ಸಿಕ್ಕಿ, ಅದರ ಹಿಂದೆಯೇ ಕೈಯೂ ಹೋಗುತ್ತದೆ. ದೊಡ್ಡ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ, ನರ ಕೂಡಿಸಿ ಕಳಿಸುತ್ತಾರೆ. ಆಮೇಲೆ ಆ ಕೈ ಮರದ ತುಂಡಿನ ಹಾಗೆ ಬಿಗಿದುಕೊಂಡು ನನ್ನ ಬಾಗಿಲಿಗೆ ಬರುತ್ತಿತ್ತು. ಬಂದವರಲ್ಲಿ ಹೆಚ್ಚಿನವರು ಹೆಂಗಸರು.

ಮೊದಮೊದಲು ನಾನು ಕಾಲೇಜಿನಲ್ಲಿ ಕಲಿಸಿದಂತೆಯೇ ಮಾಡಿದೆ. ರಬ್ಬರ್ ಚೆಂಡು ಹಿಸುಕಿರಿ, ಗುಂಡಿ ಹಾಕಿರಿ, ಗೂಟ ಎತ್ತಿಡಿರಿ. ಮಾಡುತ್ತಿದ್ದರು ಪಾಪ, ಮಕ್ಕಳ ಆಟಕ್ಕೆ ಕೂತವರಂತೆ ನಾಚಿಕೊಂಡು. ಎರಡು ಸಲ ಬಂದು ಮೂರನೇ ಸಲ ಬರುತ್ತಿರಲಿಲ್ಲ. ಒಂದು ದಿನ ಆಡೂರಿನ ಅಜ್ಜಿಯೊಬ್ಬಳು ಚೆಂಡನ್ನು ನನ್ನ ಮೇಜಿನ ಮೇಲೆ ಇಟ್ಟು, "ಯವ್ವಾ, ಈ ಚಂಡು ಹಿಚುಕಿ ನಾ ಏನ್ ಮಾಡ್ಲಿ? ನನ್ನ ಸೊಸಿ ಮುಂದ ನಾ ರೊಟ್ಟಿ ಬಡದು ತೋರಿಸಬೇಕವಾ" ಅಂದಳು. ಮರುದಿನ ನಾನು ಮನೆಯಿಂದ ಹಿಟ್ಟು, ಹಲಗೆ, ಹಂಚು, ಒಂದು ಸ್ಟೋವ್ ಹೊತ್ತುಕೊಂಡು ಹೋದೆ. "ರೊಟ್ಟಿ ಕಲಿಸಾಕ ಇಷ್ಟೊಂದು ಓದಬೇಕಿತ್ತೇನ?" ಎಂದು ಅಮ್ಮ ಉರ್ದುವಿನಲ್ಲಿ ಅಂದು ನಕ್ಕಳು.

ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುವಾಗ ಆ ಬಿಸಿ ಬಿಗಿದ ಬೆರಳನ್ನು ಸಡಿಲಿಸುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕಾಗಿಯೇ ಕರಗಿಸಿದ ಮೇಣದಲ್ಲಿ ಕೈ ಅದ್ದಿಸುತ್ತಾರೆ. ನಾದಿ ಉಂಡೆ ಮಾಡುವುದು, ಬಡಿಯುವುದು, ಬಡಿಯುತ್ತಲೇ ತಿರುಗಿಸುವುದು, ಹರಿಯದಂತೆ ಅಂಗೈ ಮೇಲೆತ್ತಿ ಹಂಚಿಗೆ ಹಾಕುವುದು. ಪ್ರತಿಯೊಂದಕ್ಕೂ ಕೈಯ ಬೇರೆ ಬೇರೆ ಕೀಲು ಕೆಲಸ ಮಾಡಬೇಕು. ಮುಷ್ಟಿಯ ಶಕ್ತಿ ಅಷ್ಟಾಗಿ ಬೇಡ, ಅಂಗೈ ಹರವಾಗಿ ಬಿಚ್ಚಬೇಕು, ಮಣಿಕಟ್ಟು ತಿರುಗಬೇಕು. ಯಾರ ಕೈ ಎಲ್ಲಿಗೆ ಬಂದು ನಿಂತಿದೆ ಎಂದು ನಾನು ಇವೇ ಹಂತಗಳಿಂದ ಅಳೆಯತೊಡಗಿದೆ. ಹೆಂಗಸರು ನಾಚಿಕೆ ಬಿಟ್ಟರು. "ನಿಂದೇನ್ ನಕಾಶೆ ಆಗೇತೇನಬೇ?" ಎಂದು ಒಬ್ಬರ ಸೊಟ್ಟ ರೊಟ್ಟಿಗೆ ಇನ್ನೊಬ್ಬರು ನಗುತ್ತಿದ್ದರು. ಮೂರನೇ ಸಲವೂ ಬರುತ್ತಿದ್ದರು, ಅದರ ನಂತರವೂ. ಅವರಲ್ಲಿ ಬಹಳ ಮಂದಿ ತಮ್ಮ ಒಲೆಯ ಮುಂದೆ ಮರಳಿ ಕೂತರು.

ಇದನ್ನು ಬರೆಯಬೇಕು ಅನ್ನಿಸಿದ್ದು ಆ ಜರ್ನಲ್ಲಿನ ದೆಸೆಯಿಂದ. ಅಪಘಾತವಾದವರನ್ನು, ಲಕ್ವಾ ಹೊಡೆದವರನ್ನು ಮತ್ತೆ ಬದುಕಿಗೆ ಹಚ್ಚುವ ವೈದ್ಯವಿದ್ಯೆಗೆ ನಮ್ಮ ದೇಶದಲ್ಲಿ ಬಹಳ ಕಾಲ ಕೇಳುವವರಿರಲಿಲ್ಲ. ಆಪರೇಷನ್ ಮಾಡುವವನು ದೇವರು, ಆಮೇಲೆ ನಡೆಯಲು ಕಲಿಸುವವನು ಆಳು. ಅಂಥ ದಿನಗಳಲ್ಲಿ ನಾಲ್ಕಾರು ಜನ ಹಿರಿಯರು ಸೇರಿ ಕಟ್ಟಿದ ಜರ್ನಲ್ ಅದು. ನಾನು ಓದುವಾಗ ಕಾಲೇಜಿನ ಲೈಬ್ರರಿಯಲ್ಲಿ ಅದರ ಹಳೆಯ ಸಂಚಿಕೆಗಳು ದಾರ ಕಟ್ಟಿಸಿಕೊಂಡು ಮೂಲೆಯಲ್ಲಿ ಬಿದ್ದಿದ್ದವು. ತೆಳ್ಳಗಿನ ಪುಸ್ತಕ, ಒರಟು ಕಾಗದ, ಮಸಿ ಕೈಗೆ ಹತ್ತುತ್ತಿತ್ತು. ಆದರೆ ಒಳಗೇನಿತ್ತು ಅಂತೀರಿ! ಕಾಲು ಕಳೆದುಕೊಂಡವನು ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಹೇಗೆ ಕೂರಬಹುದು, ಕೆಸರುಗದ್ದೆಯಲ್ಲಿ ಯಾವ ಕೃತಕ ಪಾದ ನಿಲ್ಲುತ್ತದೆ, ಬಿದಿರಿನ ಊರುಗೋಲಿನ ತುದಿಗೆ ಏನು ಕಟ್ಟಬೇಕು. ಸಣ್ಣ ಸಣ್ಣ ಊರಿನವರು ಬರೆದದ್ದು. ಇಂಗ್ಲಿಷ್ ಕುಂಟುತ್ತಿತ್ತು. ಸಂಪಾದಕರೇ ಕೂತು ತಿದ್ದುತ್ತಿದ್ದರಂತೆ. ನಾನು ಅವನ್ನು ಕಾದಂಬರಿಯಂತೆ ಓದಿದ್ದೆ.

ಆಮೇಲೆ ಅದು ಬೆಳೆಯಿತು. ಬೆಳೆಯಿತು ಎಂದೇ ಎಲ್ಲರೂ ಹೇಳುತ್ತಾರೆ. ಮೆಡಿಕಲ್ ಕಾಲೇಜಿನ ಮೇಷ್ಟರಿಗೆ ಬಡ್ತಿ ಸಿಗಬೇಕಾದರೆ ಇಂಡೆಕ್ಸ್ ಎಂಬ ದೊಡ್ಡ ಸೂಚಿಯಲ್ಲಿ ಸೇರಿದ ಜರ್ನಲ್ಲಿನಲ್ಲೇ ಲೇಖನ ಬಂದಿರಬೇಕು ಎಂದಾಯಿತು. ಸೂಚಿಯಲ್ಲಿ ಸೇರಬೇಕಾದರೆ ಬೇರೆ ದೇಶದವರು ಅದನ್ನು ಓದಿ ತಮ್ಮ ಬರಹದಲ್ಲಿ ಉಲ್ಲೇಖಿಸಬೇಕು. ಬಿದಿರಿನ ಊರುಗೋಲನ್ನು ಯಾವ ದೇಶದವನು ಉಲ್ಲೇಖಿಸುತ್ತಾನೆ? ಕಾಗದ ಮಿರಮಿರ ಮಿಂಚತೊಡಗಿತು, ಆಮೇಲೆ ಕಾಗದವೇ ಹೋಗಿ ಎಲ್ಲ ಕಂಪ್ಯೂಟರಿಗೆ ಬಂತು. ಸಂಪಾದಕ ಮಂಡಳಿಯಲ್ಲಿ ಹೊರದೇಶದ ಹೆಸರುಗಳು ಸಾಲುಗಟ್ಟಿದವು. ಸಣ್ಣ ಊರಿನವರು ಮೆಲ್ಲಗೆ ಜಾಗ ಖಾಲಿ ಮಾಡಿದರು. ನನಗೆ ಇದೆಲ್ಲ ತಿಳಿಯದೆ ಇರಲಿಲ್ಲ. ಆದರೂ ಹೆಸರಿನಲ್ಲಿ ರಾಷ್ಟ್ರೀಯ ಎಂದು ಇನ್ನೂ ಇತ್ತಲ್ಲ, ಅದನ್ನು ನಂಬಿದೆ.

ಬರೆದು ಮುಗಿಸಿ, ನನಗೆ ಕಲಿಸಿದ ಗುರುಗಳ ಹತ್ತಿರ ಒಯ್ದೆ. ಅವರು ಮೆಡಿಕಲ್ ಕಾಲೇಜಿನಲ್ಲಿ ಪುನಶ್ಚೇತನ ವಿಭಾಗದ ಡಾಕ್ಟರು. ನಮ್ಮಲ್ಲಿ ಒಂದು ಪದ್ಧತಿ. ಶಿಷ್ಯರು ಏನೇ ಬರೆಯಲಿ, ಗುರುಗಳ ಹೆಸರು ಮೊದಲು. ಜರ್ನಲ್ಲಿನವರು ಪತ್ರ ಬರೆಯಬೇಕಾದ ವಿಳಾಸವೂ ಅವರದೇ. ಯಾರೂ ಕೇಳಿ ಹಾಕಿಸಿಕೊಳ್ಳುವುದಿಲ್ಲ. ಹಾಕದಿದ್ದರೆ ನಮಗೇ ಕಸಿವಿಸಿ, ಹಿರಿಯರಿಗಿಂತ ಮೊದಲು ತಾಟಿಗೆ ಕೈ ಹಾಕಿದಂತೆ. ಅವರು ಒಮ್ಮೆಯೂ ಹಾನಗಲ್ಲಿಗೆ ಬಂದವರಲ್ಲ. ನಾನು ಅವರ ಹೆಸರನ್ನು ಸಂತೋಷದಿಂದಲೇ ಮೇಲೆ ಬರೆದು, ಕಾಲಿಗೆ ನಮಸ್ಕಾರ ಮಾಡಿ ಬಂದೆ. "ಭಾಳ ಚಲೋ ಕೆಲಸ ಮಾಡೀದಿ ನೋಡವಾ. ಉಳದದ್ದು ನನಗ ಬಿಡು" ಅಂದರು. ಬಿಟ್ಟೆ.

ಲೇಖನ ಜರ್ನಲ್ಲಿನವರ ಕೈಯಲ್ಲಿದ್ದಾಗಲೇ ಆಕೆ ಬಂದಳು. ಹಿರೇಕೆರೂರಿನ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವಾಕೆ. ಅಲ್ಲಿ ಸಂತೆಯ ದಿನ ಆಕೆಯ ರೊಟ್ಟಿಗೆಂದೇ ಜನ ಕಾಯುತ್ತಿದ್ದರಂತೆ. ಸುಗ್ಗಿಯಲ್ಲಿ ತಮ್ಮನ ಹೊಲಕ್ಕೆ ಹೋಗಿ ಮಷಿನ್ನಿಗೆ ಬಲಗೈ ಕೊಟ್ಟಿದ್ದಳು. ಹೆಬ್ಬೆರಳು ಅಂಗೈಗೆ ಅಂಟಿಕೊಂಡಿತ್ತು.

"ಅಕ್ಕಾರ, ಮುಷ್ಟಿ ಹಿಡಿಯಾಕ ಬರಲಿಲ್ಲಂದ್ರ ಬಿಡ್ರಿ. ರೊಟ್ಟಿ ಬಡಿಯೂವಂಗ ಮಾಡಿಕೊಡ್ರಿ. ಮಾಲಕರು ಹಂಚಿನ ಮುಂದಿನ ಜಾಗಾ ನಂದ ಇಟ್ಟಾರ. ಆದರ ಎಷ್ಟಂತ ಇಡ್ತಾರ್ರಿ?"

"ಆಕ್ಕೈತಿ. ಬಿಟ್ಟ ಬಿಡದಂಗ ಬರಬೇಕಷ್ಟ" ಅಂದೆ. ತಿಳವಳ್ಳಿ ಹಾದು ಬರುವ ಬಸ್ಸಿನಲ್ಲಿ ಆಕೆ ಬಿಟ್ಟೂಬಿಡದೆ ಬಂದಳು. ಬಿಸಿ ಹಿಟ್ಟಿನಲ್ಲಿ ಕೈಯಿಟ್ಟು ಹಲ್ಲು ಕಚ್ಚಿ ನಾದುತ್ತಿದ್ದಳು, ನೋವಿಗೆ ಕಣ್ಣಲ್ಲಿ ನೀರು ಬಂದರೆ "ಎಸರಿನ ಹಬೆ ರೀ" ಎಂದು ನಗುತ್ತಿದ್ದಳು. ಬೆರಳು ಒಂದೊಂದಾಗಿ ಬಿಚ್ಚತೊಡಗಿದವು. ಬಡಿಯುವುದು ಬಂತು. ಬಡಿಯುತ್ತಾ ತಿರುಗಿಸುವುದು ಮಾತ್ರ ಇನ್ನೂ ಬಂದಿರಲಿಲ್ಲ.

ಅದೇ ಹೊತ್ತಿಗೆ ಟ್ರಸ್ಟಿಗೆ ಹೊಸ ಕಾರ್ಯದರ್ಶಿ ಬಂದರು. ಅವರಿಗೆ ಕೈ ರೂಮಿನ ಜಾಗದಲ್ಲಿ ರಕ್ತಪರೀಕ್ಷೆಯ ಲ್ಯಾಬ್ ಮಾಡುವ ಮನಸ್ಸು. ಒಮ್ಮೆ ಬಂದು ಹಂಚು, ಸ್ಟೋವ್ ನೋಡಿ, "ಮೇಡಂ, ಇದು ದವಾಖಾನಿಯೋ ಅಡಗಿಮನಿಯೋ? ಇದರಿಂದ ಫಾಯದೆ ಐತಿ ಅನ್ನಾಕ ಏನರ ಪುರಾವೆ ಐತೇನ್ರಿ?" ಎಂದು ಕೇಳಿದರು. ನನಗೆ ಸಿಟ್ಟು ಬಂದರೂ ಸಂತೋಷವೇ ಆಯಿತು. "ಪುರಾವೆ ರಾಷ್ಟ್ರೀಯ ಜರ್ನಲ್ಲಿನಾಗ ಬರಾಕತ್ತೇತ್ರಿ. ಅಲ್ಲೀತನಕ ತಡಕೊಳ್ರಿ" ಅಂದೆ. ಎಷ್ಟು ಠೀವಿಯಿಂದ ಅಂದೆ! ಮನೆಗೆ ಹೋಗಿ ಅಮ್ಮನ ಮುಂದೆ ಅದನ್ನೇ ಎರಡು ಸಲ ಆಡಿ ತೋರಿಸಿದೆ.

ಶಿಗ್ಗಾವಿಯ ಟ್ರಸ್ಟ್ ಕಚೇರಿಯಲ್ಲಿ ಮೀಟಿಂಗ್ ಇದೆ ಎಂದು ಕರೆ ಬಂದಾಗ, ಲೇಖನ ಬಂದಿರಬೇಕು ಎಂದುಕೊಂಡು ನಾನು ಹಬ್ಬದ ಸೀರೆ ಉಟ್ಟು ಹೋದೆ. ಕಾರ್ಯದರ್ಶಿಗಳ ಮುಂದೆ ಲೇಖನದ ಪ್ರತಿ ಇತ್ತು. ನನಗಿಂತ ಮೊದಲು ಅವರೇ ಹುಡುಕಿ ತೆಗೆದಿದ್ದರು.

"ನಿಮ್ಮ ಲೇಖನ ಬಂತ್ರಿ ಮೇಡಂ. ಶುಭಾಶಯ. ಕಡೀ ಪ್ಯಾರಾ ಸ್ವಲ್ಪ ಓದ್ರಲ್ಲ."

ಓದಿದೆ. ಚಿಕಿತ್ಸೆ ಪಡೆದ ಹೆಂಗಸರ ಮುಷ್ಟಿಯ ಶಕ್ತಿಯಲ್ಲಿ ಗಮನಾರ್ಹ ಸುಧಾರಣೆ ಕಂಡುಬರಲಿಲ್ಲ ಎಂದಿತ್ತು. ಅದರ ಮುಂದೆ ಇನ್ನೇನೂ ಇರಲಿಲ್ಲ. ಹಾಳೆ ಹಿಂದೆ ಮುಂದೆ ತಿರುವಿದೆ. ಹಿಟ್ಟಿಲ್ಲ, ಹಂಚಿಲ್ಲ, ಬಡಿಯುವುದು, ತಿರುಗಿಸುವುದು ಯಾವುದೂ ಇಲ್ಲ. ನನ್ನ ಹಂತಗಳ ಕೋಷ್ಟಕವೇ ಇಲ್ಲ. ಇಡೀ ಲೇಖನದಲ್ಲಿ ರೊಟ್ಟಿ ಎಂಬ ಶಬ್ದವೇ ಇಲ್ಲ. ಉಳಿದದ್ದು ಮುಷ್ಟಿ ಅಳೆಯುವ ಯಂತ್ರದ ಅಂಕಿಗಳು ಮಾತ್ರ. ರೂಢಿಗೆಂದು ನಾನೇ ಅಳೆದು ಕೊನೆಯಲ್ಲಿ ಸೇರಿಸಿದ್ದವು ಅವು, ಅವೇ ಈಗ ಲೇಖನ.

"ಇದು ನಾ ಬರದದ್ದಲ್ಲರಿ" ಅಂದೆ.

"ನಿಮ್ಮ ಹೆಸರು ಐತಲ್ರಿ ಮ್ಯಾಲ."

"ಆ ಹೆಂಗಸರು ರೊಟ್ಟಿ ಬಡಿಯಾಕತ್ತಾರ್ರಿ! ಬರ್ರಿ, ಒಬ್ಬೊಬ್ಬರ ಮನಿಗೆ ಕರಕೊಂಡು ಹೊಕ್ಕೇನಿ."

"ನಾವು ಮನಿಮನಿ ಅಡ್ಡಾಡಿ ರೊಟ್ಟಿ ತಿನ್ನಾಕ ಆಗೂದಿಲ್ರಿ. ಪುರಾವೆ ಬರಲಿ ಅಂದವರು ನೀವು. ಬಂದೈತಿ." ಕೂತವರಲ್ಲಿ ಯಾರೋ ನಕ್ಕರು. ತಿಂಗಳು ತುಂಬುವುದರೊಳಗೆ ಕೋಣೆ ಬಿಟ್ಟುಕೊಡಬೇಕು ಎಂದು ಠರಾವಾಯಿತು.

ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲೇ ನಿಂತು ಗುರುಗಳಿಗೆ ಫೋನ್ ಮಾಡಿದೆ. ಅವರು ಹಿಗ್ಗಿನಲ್ಲಿದ್ದರು. ಬಹಳ ವರ್ಷದಿಂದ ಅಡ್ಡಿಯಾಗಿದ್ದ ಬಡ್ತಿ ಈ ಲೇಖನದಿಂದ ಆಗುವುದರಲ್ಲಿತ್ತು.

"ಸರ, ರೊಟ್ಟಿ ಎಲ್ಲಿ ಹೋತರಿ?"

"ಅದನ್ನ ತಗದೆ ನೋಡವಾ. ಜರ್ನಲ್ಲಿನ ವಿಮರ್ಶಕರು ಭಾಳ ತಕರಾರು ಮಾಡಿದ್ರು. ಇದು ಪ್ರಮಾಣೀಕರಿಸಿದ ಪರೀಕ್ಷೆ ಅಲ್ಲ, ಹೊರಗಿನ ಓದುಗರಿಗೆ ತಿಳಿಯೂದಿಲ್ಲ ಅಂದ್ರು. ತಗದ್ರ ತಗೋತೇವಿ ಅಂದ್ರು. ಪೇಪರ್ ಉಳಿಸಬೇಕಿತ್ತಲ್ಲ?"

"ನನಗ ಒಂದ ಮಾತು ಕೇಳಬೇಕಿತ್ತರಿ."

"ಅಲ್ಲವಾ, ನಿನಗ ತ್ರಾಸ ಯಾಕ ಅಂತ." ಅವರ ದನಿಯಲ್ಲಿ ಕಪಟ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು. ಬೈಯಲು ಒಬ್ಬ ಪೂರ್ತಿ ಕೆಟ್ಟ ಮನುಷ್ಯನಾದರೂ ಸಿಗಬಾರದೇ?

ಜರ್ನಲ್ಲಿಗೆ ನಾನೇ ಪತ್ರ ಬರೆದೆ. ಪತ್ರವ್ಯವಹಾರಕ್ಕೆ ಹೆಸರಿಸಿದ ಲೇಖಕರ ಮೂಲಕವೇ ಬರೆಯಿರಿ ಎಂದು ಉತ್ತರ ಬಂತು. ಆ ಲೇಖಕರು ಈಗ ಪ್ರೊಫೆಸರ್. ಅಚ್ಚಾದದ್ದನ್ನು ಕೆದಕಬೇಡವಾ ಅಂದರು. ಹೊರಗಿನ ಓದುಗರಿಗೆ ತಿಳಿಯುವುದಿಲ್ಲವಂತೆ! ಒಳಗಿನವರು ಯಾರಿಗೆ ಬೇಕಾಗಿದ್ದರು? ಈ ರಾಷ್ಟ್ರದ ಜರ್ನಲ್ಲಿಗೆ ಈ ರಾಷ್ಟ್ರದ ಹೆಂಗಸಿನ ಕೈ ಏನು ಮಾಡುತ್ತದೆ ಎಂದು ಹೇಳಲು ನಾನು ಯಾವ ದೇಶಕ್ಕೆ ಹೋಗಿ ಬರೆಯಬೇಕಿತ್ತು? ನಮ್ಮದೇ ವಿದ್ಯೆ, ನಮ್ಮದೇ ಜರ್ನಲ್ ಎಂದು ಹೆಮ್ಮೆಪಟ್ಟ ನನ್ನ ಬುದ್ಧಿಗೆ ನಾನೇ ಛೀಮಾರಿ ಹಾಕಿಕೊಂಡೆ.

ಕೋಣೆ ಬಿಡುವ ದಿನ ಖಾನಾವಳಿಯ ಆಕೆಗೆ ಹಿಟ್ಟು, ಹಲಗೆ ಕೊಟ್ಟು, ಮನೆಯಲ್ಲೇ ಮಾಡು ಅಂದೆ. ಹೂಂ ಅಂದಳು. ಆದರೆ ಬಿಗಿದ ಹೆಬ್ಬೆರಳನ್ನು ಬಿಡಿಸಲು ಇನ್ನೊಬ್ಬರ ಕೈ ಬೇಕು, ಎಲ್ಲಿ ಎಷ್ಟು ಒತ್ತಬೇಕೆಂದು ತಿಳಿದ ಕೈ. ಅದು ನನಗೂ ಗೊತ್ತಿತ್ತು. ನಾನು ಎರಡು ಸಲ ಹಿರೇಕೆರೂರಿಗೆ ಹೋಗಿ ಬಂದೆ. ಆಮೇಲೆ ಸವಣೂರಿನಲ್ಲೇ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ದಿನವಿಡೀ ಬೆನ್ನುನೋವಿನವರಿಗೆ ಮಷಿನ್ ಹಚ್ಚುವುದು. ಮತ್ತೆ ಆಕೆಯ ಹತ್ತಿರ ಹೋಗಲಾಗಲಿಲ್ಲ.

ಕಳೆದ ವರ್ಷ ಸಂಬಂಧಿಕರ ಮದುವೆಗೆ ಹೋದವಳು ಹಿರೇಕೆರೂರಿನ ಆ ಖಾನಾವಳಿಗೆ ಹೊಕ್ಕೆ. ಸಂತೆಯ ದಿನ, ಕಾಲಿಡಲು ಜಾಗವಿಲ್ಲ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಒಂದು ಕ್ಷಣ ನನ್ನ ಜೀವಕ್ಕೆ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಆಕೆ ಎಂಜಲು ತಾಟುಗಳನ್ನು ಎಡತೋಳಿನ ಮೇಲೆ ಪೇರಿಸಿಕೊಂಡು ಮೇಜುಗಳ ನಡುವಿನಿಂದ ಬಂದಳು. ಬಲಗೈ ಸೆರಗಿನೊಳಗಿತ್ತು. ನನ್ನನ್ನು ಕಂಡು ಮುಖ ಅರಳಿತು.

"ಅಯ್ಯ ಅಕ್ಕಾರ! ಕುಂತ್ರಿ, ಕುಂತ್ರಿ. ಬಿಸಿ ರೊಟ್ಟಿ ತರ್ತೇನಿ."

ತಂದು ತಾಟಿಗೆ ಹಾಕಿದಳು. ಜೊತೆಗೆ ಬದನೆಕಾಯಿ ಪಲ್ಯ, ಮೊಸರು, ಉಳ್ಳಾಗಡ್ಡಿ. ನಾನು ಮುರಿದು ಬಾಯಿಗಿಡುವವರೆಗೂ ಅಲ್ಲೇ ನಿಂತಿದ್ದಳು. ಕೈ ಹೇಗಿದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಆಕೆಯೇ ಬಗ್ಗಿ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಅಂದಳು:

"ದಪ್ಪ ಆಗ್ಯಾವ ಅಲ್ರಿ? ಇವು ನನ್ನ ರೊಟ್ಟಿ ಅಲ್ರಿ, ಅಕ್ಕಾರ."