ಜಗದೇವಿಯ ಕೊರಳಿನ ಸವತಿ

ಇಪ್ಪತ್ತೆರಡು ವರ್ಷ ಜಗದೇವಿ ಎರಡು ಭಾರ ಹೊತ್ತಳು. ತಲೆಯ ಮೇಲೆ ಊರವರ ಇಟ್ಟಿಗೆ, ಎದೆಯ ಮೇಲೆ ಸವತಿ.

ಗಂಡ ರಾಚಪ್ಪನ ಮೊದಲ ಹೆಂಡತಿ ಮಂಗಲಾ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಎರಡನೆಯವಳನ್ನು ತರುವಾಗ ಸತ್ತವಳ ಮುಖವನ್ನು ಬೆಳ್ಳಿಯಲ್ಲಿ ಮಾಡಿಸಿ ಹೊಸಬಳ ಕೊರಳಿಗೆ ಕಟ್ಟಬೇಕು, ಇಲ್ಲದಿದ್ದರೆ ಸತ್ತವಳು ಸುಮ್ಮನಿರಳು ಎಂಬುದು ಅವರ ಕಡೆಯ ನಂಬಿಕೆ. ರಾಚಪ್ಪ ಅಕ್ಕಸಾಲಿಗನ ಬಳಿ ಹೋಗಲೇ ಇಲ್ಲ. ಮಹಾರಾಷ್ಟ್ರಕ್ಕೆ ಕೂಲಿಗೆ ಹೋಗಿ ಸಂಭಾಜಿನಗರದ ಆಚೆ ಪೈಠಣದಲ್ಲಿ ಪಾಯ ತೋಡುವಾಗ ಅವನಿಗೊಂದು ಬೆಳ್ಳಿ ಬಿಲ್ಲೆ ಸಿಕ್ಕಿತ್ತು. ತುರುಬು ಎತ್ತಿ ಕಟ್ಟಿದ ಹೆಣ್ಣಿನ ಮುಖ. "ಥೇಟ್ ನಮ್ಮ ಮಂಗಲಾನ!" ಅಂದವನೇ ತೂತು ಕೊರೆಸಿ ಕಟ್ಟಿಬಿಟ್ಟ.

ಅಂದಿನಿಂದ ಮೊದಲ ತುತ್ತು ಆ ಮುಖಕ್ಕೆ. ಹೊಸ ಸೀರೆ ಅವಳಿಗೆ ತೋರಿಸಿದ ಮೇಲೆಯೇ ಇವಳಿಗೆ. ಮಕ್ಕಳಿಗೆ ಜ್ವರ ಬಂದರೆ ರಾಚಪ್ಪ, "ಅಕೀನ್ನ ಮರತೀ ನೋಡು" ಅನ್ನುವನು. ಬುಟ್ಟಿ ಎತ್ತಿದಾಗೆಲ್ಲ ಬಿಲ್ಲೆ ಎದೆಮೂಳೆಗೆ ಕುಟ್ಟುತ್ತಿತ್ತು. ಒಂದೇ ಒಂದು ದಿನ ಬಿಚ್ಚಿಟ್ಟು ಮಲಗಬೇಕೆಂಬ ಆಸೆ ಅವಳಿಗೆ, ಬಿಚ್ಚಿದರೆ ಮಕ್ಕಳಿಗೇನಾದೀತೋ ಎಂಬ ಅಂಜಿಕೆ.

ಮೊನ್ನೆ ನಾಸಿಕದ ಸಾತಪುರದಲ್ಲಿ ಉಸುಕು ಸಾಣಿಸುವಾಗ ದಾರ ಹರಿಯಿತು. ಬಿಲ್ಲೆ ಉರುಳಿ, ಆ ಮನೆ ಕಟ್ಟಿಸುತ್ತಿದ್ದ ನರಸಿಂಹಮೂರ್ತಿಗಳ ಕಾಲಿಗೆ ತಾಗಿತು. ಕನ್ನಡದವರೇ, ಅಲ್ಲಿಯ ಓಝರಿನ ವಿಮಾನ ಕಾರ್ಖಾನೆಯಲ್ಲಿ ನೌಕರಿ ಮುಗಿಸಿದವರು, ಹಳೆ ನಾಣ್ಯದ ಹುಚ್ಚಿನವರು. ಕನ್ನಡಕ ಏರಿಸಿ ನೋಡಿದರು.

"ಎಲ್ಲಿ ಸಿಕ್ತಮ್ಮ ಇದು? ರೋಮ್ ದೇಶದ ರಾಣಿ ಇವಳು! ಸಾವಿರದ ಎಂಟುನೂರು ವರ್ಷದ ಮೇಲಾಯ್ತು. ಇವಳು ಸತ್ತಾಗ ರಾಜ ಇವಳನ್ನ ದೇವಿ ಅಂತ ಮಾಡಿ ನಾಣ್ಯ ಹೊಡೆಸಿದ. ಹಿಂದೆ ನೋಡಿ, ಈ ಪಂಜು ಹಿಡಿದವಳು ಬೆಳೆ ಕಾಯೋ ದೇವತೆ."

ಜಗದೇವಿ ಸಾಣಿಗೆ ಕೆಳಗಿಟ್ಟಳು. "ಆ ರಾಜಾ ಮತ್ತ ಲಗ್ನ ಆದನೇನ್ರಿ, ಸಾಹೇಬ್ರ?"

"ಇಲ್ಲಮ್ಮ, ಮತ್ತೆ ಆಗಲಿಲ್ಲ."

"ಅಯ್ಯ, ಹಂಗಾರ ಈಕೀಗೆ ಸವತೀನ ಇಲ್ಲ!" ಜಗದೇವಿಗೆ ನಗು ಬಂತು. ನಗುತ್ತ ನಗುತ್ತ ಬಿಲ್ಲೆ ಇಸಿದುಕೊಂಡು ಉಸುಕಿನ ಮೇಲೇ ಕುಳಿತಳು.

ಮಧ್ಯಾಹ್ನ ತಗಡಿನ ಶೆಡ್ಡಿಗೆ ಬಂದು ದೇವರ ಹಲಗೆಯ ಮೇಲೆ ಬಿಲ್ಲೆ ಇಟ್ಟಳು. ಇವಳೆದೆಗೆ ತಿಕ್ಕಿ ತಿಕ್ಕಿ ರಾಣಿಯ ಮೂಗು ಸವೆದಿತ್ತು. ಆ ಮುಖ ಕೆಳಗೆ ಮಾಡಿ, ಪಂಜಿನ ದೇವತೆಯನ್ನು ಮೇಲೆ ಮಾಡಿ, ಚಾಪೆ ಹಾಸಿ ಅಡ್ಡಾದಳು.

ಉಣ್ಣಲು ಬಂದ ರಾಚಪ್ಪ ನೋಡುತ್ತಾನೆ, ತಾಳಿಯ ಪಕ್ಕ ಬಿಲ್ಲೆ ಇಲ್ಲ. ಹೌಹಾರಿದ. "ಏ, ಮಂಗಲಾ ಎಲ್ಲದಾಳ?"

"ಮಲಗ್ಯಾಳ್ರಿ." ಜಗದೇವಿ ಕಣ್ಣು ತೆರೆಯಲಿಲ್ಲ. "ಭಾಳ ದೂರದಿಂದ ಬಂದಾಕಿ, ಎಬ್ಬಿಸಬ್ಯಾಡ್ರಿ. ರೊಟ್ಟಿ ಬುಟ್ಟ್ಯಾಗ ಅದಾವ, ನೀವ ಹಾಕ್ಕೊಂಡು ಉಣ್ರಿ."